ನಾಲ್ಕು ವರ್ಷಗಳ ಗಡುವು

ಮಹಾಪುರುಷರ ಜೀವನವನ್ನು ಓದುವಾಗ ನಮ್ಮ ದೃಷ್ಟಿ ಅವರು ಏರಿದ ಎತ್ತರದ ಮೇಲೆ ನಿಲ್ಲುತ್ತದೆಯೇ ಹೊರತು, ಏರುವ ದಾರಿಯಲ್ಲಿ ಅವರು ಎಲ್ಲೆಲ್ಲಿ ನಿಲ್ಲಬೇಕಾಯಿತು ಎಂಬುದರ ಕಡೆಗೆ ಹೋಗುವುದು ಕಡಮೆ. ಪ್ರತಿ ವರ್ಷ ಏಪ್ರಿಲ್ 14ರಂದು ನಮ್ಮ ಕಾಲೇಜಿನ ಸಭಾಂಗಣದಲ್ಲಿ ಡಾಕ್ಟರ್ ಭೀಮರಾವ್ ಅಂಬೇಡ್ಕರ್ ಅವರ ಭಾವಚಿತ್ರಕ್ಕೆ ಹಾರ ಹಾಕುತ್ತೇವೆ. ಭಾಷಣ ಮಾಡುವವರು ಎಂ.ಎ., ಪಿಎಚ್.ಡಿ., ಎಂ.ಎಸ್‌ಸಿ., ಡಿ.ಎಸ್‌ಸಿ., ಬಾರ್-ಅಟ್-ಲಾ ಎಂದು ಅವರ ಪದವಿಗಳನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಾರೆ. ನಾವು ಚಪ್ಪಾಳೆ ತಟ್ಟುತ್ತೇವೆ. ಈ ಪದವಿಗಳ ನಡುವೆ ಮೂರು ವರ್ಷಗಳ ಒಂದು ಬಿರುಕು ಇದೆ ಎಂಬುದು ಎರಡು ವರ್ಷಗಳ ಹಿಂದಿನವರೆಗೆ ನನಗೂ ತಿಳಿದಿರಲಿಲ್ಲ. 1917ರಲ್ಲಿ ಅವರ ಓದು ಅರ್ಧಕ್ಕೆ ನಿಂತಿತ್ತು. ಆ ನಿಂತ ಓದು ಮತ್ತೆ ಹೇಗೆ ನಡೆಯಿತು ಎಂಬುದನ್ನೇ ಇಲ್ಲಿ ಮುಖ್ಯವಾಗಿ ಹೇಳಬೇಕೆಂದಿದ್ದೇನೆ. ಅದಕ್ಕೆ ನನ್ನದೇ ಆದ ಒಂದು ಕಾರಣವಿದೆ. ಅದನ್ನು ಕೊನೆಯಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ.

ಭೀಮರಾಯರು ಹುಟ್ಟಿದ್ದು 1891ನೆಯ ಇಸವಿ ಏಪ್ರಿಲ್ 14ರಂದು, ಮಧ್ಯ ಭಾರತದ ಮಹೂ ಎಂಬ ದಂಡಿನ ಊರಿನಲ್ಲಿ. ತಂದೆ ರಾಮಜಿ ಸಕ್ಪಾಲರು ಸೈನ್ಯದಲ್ಲಿ ಸುಬೇದಾರರು. ಸೈನ್ಯದ ಶಾಲೆಯಲ್ಲಿ ಪಾಠ ಹೇಳಿದವರು. ಹದಿನಾಲ್ಕು ಮಕ್ಕಳಲ್ಲಿ ಭೀಮರಾಯರೇ ಕಡೆಯವರು. ಅಸ್ಪೃಶ್ಯರೆಂದು ಕರೆಯಲಾಗುತ್ತಿದ್ದ ಮಹಾರ್ ಜಾತಿಯಲ್ಲಿ ಹುಟ್ಟಿದ ಕಾರಣ ಸಾತಾರದ ಶಾಲೆಯಲ್ಲಿ ಉಳಿದ ಮಕ್ಕಳಿಂದ ದೂರ ಗೋಣಿತಟ್ಟಿನ ಮೇಲೆ ಕೂರಬೇಕಾಗಿತ್ತು. ನೀರಡಿಕೆಯಾದರೆ ಜವಾನನು ಬಂದು ಮೇಲಿನಿಂದ ನೀರು ಹೊಯ್ಯಬೇಕು. ಜವಾನನಿಲ್ಲದ ದಿನ ನೀರಿಲ್ಲ. ಸಂಸ್ಕೃತ ಕಲಿಯುವ ಆಸೆಯಿದ್ದರೂ ಅದು ದೊರೆಯದೆ ಪಾರಸಿ ಭಾಷೆಯನ್ನು ತೆಗೆದುಕೊಳ್ಳಬೇಕಾಯಿತು. ಈ ಸಂಗತಿಗಳು ನಮ್ಮ ಪಠ್ಯಪುಸ್ತಕಗಳಲ್ಲಿ ಬಂದಿರುವುದರಿಂದ ಇಲ್ಲಿ ವಿಸ್ತರಿಸುವುದಿಲ್ಲ.

ರಾಮಜಿಯವರ ವಿಷಯವಾಗಿ ಮಾತ್ರ ಒಂದು ಮಾತು ಹೇಳಲೇಬೇಕು. ಸಂಸಾರ ಮುಂಬಯಿಗೆ ಬಂದು ಪರೇಲಿನ ಚಾಳಿನಲ್ಲಿ ಒಂದೇ ಕೋಣೆಯಲ್ಲಿ ನೆಲೆಸಿತು. ಮನೆಯ ಗದ್ದಲ ಅಡಗಿದ ಮೇಲೆ ಓದಲೆಂದು ಮಗನು ಸಂಜೆಯೇ ಮಲಗುವನು. ತಂದೆ ನಡುರಾತ್ರಿ ಕಳೆದು ಎರಡು ಗಂಟೆಯವರೆಗೆ ಎಚ್ಚರವಿದ್ದು, ಮಗನನ್ನು ಎಬ್ಬಿಸಿ ಓದಲು ಕೂರಿಸಿ, ಆಮೇಲೆ ತಾವು ಮಲಗುವರು. ಮಗ ಕೇಳಿದ ಪುಸ್ತಕ ಕೊಳ್ಳಲು ಹಣವಿಲ್ಲದಾಗ ಮದುವೆಯಾಗಿ ಹೋದ ಹೆಣ್ಣುಮಕ್ಕಳ ಒಡವೆಯನ್ನು ಬೇಡಿ ತಂದು ಒತ್ತೆಯಿಟ್ಟರು. ಅಂಬೇಡ್ಕರರಿಗೆ ದೊರೆತ ಮೊದಲ ವಿದ್ಯಾರ್ಥಿವೇತನ ಇದೇ ಎಂದು ನಾನು ಭಾವಿಸುತ್ತೇನೆ.

1907ರಲ್ಲಿ ಎಲ್‌ಫಿನ್‌ಸ್ಟನ್ ಹೈಸ್ಕೂಲಿನಿಂದ ಮೆಟ್ರಿಕ್ಯುಲೇಷನ್ ಪರೀಕ್ಷೆ ಪಾಸಾಯಿತು. ಅಂಕಗಳು 750ಕ್ಕೆ 282. ಅಂಕಪಟ್ಟಿಯನ್ನು ನೋಡಿಯೇ ಎದೆಗುಂದುವ ನಮ್ಮಂಥವರು ಈ ಅಂಕಗಳನ್ನು ನೆನಪಿನಲ್ಲಿಡುವುದು ಒಳ್ಳೆಯದು. ಆ ಜಾತಿಯ ಹುಡುಗನು ಮೆಟ್ರಿಕ್ ಮುಟ್ಟಿದ್ದೇ ಒಂದು ವಿಶೇಷವಾಗಿದ್ದರಿಂದ ಜನರು ಸಭೆ ಸೇರಿ ಸನ್ಮಾನ ಮಾಡಿದರು. ಆ ಸಭೆಯಲ್ಲಿ ಕೃಷ್ಣಾಜಿ ಅರ್ಜುನ ಕೇಳೂಸ್ಕರ್ ಎಂಬ ಉಪಾಧ್ಯಾಯರು ತಾವು ಬರೆದ ಬುದ್ಧ ಚರಿತ್ರೆಯನ್ನು ಕಾಣಿಕೆಯಾಗಿ ಕೊಟ್ಟರು. ಮುಂದೆ ತಂದೆಗೆ ಕಾಲೇಜಿನ ಖರ್ಚು ನಿಭಾಯಿಸಲಾಗದೆ ಹೋದಾಗ, ಬರೋಡಾ ಸಂಸ್ಥಾನದ ಮಹಾರಾಜ ಸಯ್ಯಾಜಿರಾವ್ ಗಾಯಕವಾಡರ ಬಳಿ ಈ ಹುಡುಗನ ಮಾತೆತ್ತಿದವರೂ ಇವರೇ. ತಿಂಗಳಿಗೆ 25 ರೂಪಾಯಿಗಳ ವೇತನ ಮಂಜೂರಾಯಿತು. 1912ರಲ್ಲಿ ಬಿ.ಎ. ಮುಗಿಯಿತು.

1913ರ ಜನವರಿಯಲ್ಲಿ ಅಂಬೇಡ್ಕರರು ಬರೋಡಾದಲ್ಲಿ ಕೆಲಸಕ್ಕೆ ಸೇರಿದರು. ಕೆಲವೇ ದಿನಗಳಲ್ಲಿ ತಂದೆಯ ಕಾಯಿಲೆಯ ತಂತಿ ಬಂದಿತು. ಮುಂಬಯಿಗೆ ಬಂದು ಮುಟ್ಟಿದಾಗ ಅವರ ಕೊನೆಯ ಗಳಿಗೆ. ಫೆಬ್ರವರಿ 2ರಂದು ರಾಮಜಿಯವರು ತೀರಿಕೊಂಡರು. ಮಗನ ಕೈಯಲ್ಲಿ ಬಿ.ಎ. ಪದವಿಯೊಂದು ಬಿಟ್ಟು ಬೇರೇನೂ ಇರಲಿಲ್ಲ. ಮನೆಯಲ್ಲಿ ಹೆಂಡತಿ ರಮಾಬಾಯಿ, ಕೈಗೂಸು ಯಶವಂತ. ಇಂತಹ ಸಮಯದಲ್ಲಿ, ಬರೋಡಾ ಸಂಸ್ಥಾನವು ಕೆಲವು ವಿದ್ಯಾರ್ಥಿಗಳನ್ನು ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಕಳುಹಿಸಲಿದೆಯೆಂಬ ವಿಷಯ ತಿಳಿಯಿತು. ಅಂಬೇಡ್ಕರರು ಮುಂಬಯಿಯಲ್ಲಿ ಮಹಾರಾಜರನ್ನು ಕಂಡು, ಅರ್ಜಿ ಸಲ್ಲಿಸಿ, ಆಯ್ಕೆಯಾದರು.

ಜೂನ್ 4ರಂದು ಬರೋಡಾದಲ್ಲಿ ಕರಾರು ಪತ್ರಕ್ಕೆ ರುಜುವಾಯಿತು. ವೇತನ ತಿಂಗಳಿಗೆ ಹನ್ನೊಂದೂವರೆ ಪೌಂಡು. ಅವಧಿ ಮೂರು ವರ್ಷ. ಗೊತ್ತುಪಡಿಸಿದ ವಿಷಯಗಳ ವ್ಯಾಸಂಗದಲ್ಲಿಯೇ ಕಾಲ ಕಳೆಯತಕ್ಕದ್ದು. ಓದು ಮುಗಿದ ಮೇಲೆ ಹತ್ತು ವರ್ಷ ಸಂಸ್ಥಾನದ ಸೇವೆ ಮಾಡತಕ್ಕದ್ದು. ಇಪ್ಪತ್ತೆರಡು ವರ್ಷದ ತರುಣನೊಬ್ಬನು ಮೂರು ವರ್ಷಗಳ ಓದಿಗಾಗಿ ಹತ್ತು ವರ್ಷಗಳ ಬಾಳನ್ನು ಬರೆದುಕೊಟ್ಟನೆಂಬುದನ್ನು ನಾವು ಗಮನಿಸಬೇಕು. ಪರದೇಶದ ಓದೆಂದರೆ ಹಡಗು ಹತ್ತುವ ಸಂಭ್ರಮವೊಂದೇ ಅಲ್ಲ; ಅದರ ಹಿಂದೆ ಇಂಥದೊಂದು ಕಾಗದವಿರುತ್ತದೆ.

ಅದೇ ವರ್ಷ ಜುಲೈಯಲ್ಲಿ ಅವರು ನ್ಯೂಯಾರ್ಕ್ ನಗರವನ್ನು ತಲುಪಿದರು. ಮೊದಮೊದಲು ಊಟ ಒಗ್ಗದೆ, ವಸತಿ ಹಿಡಿಸದೆ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಬಿಡಾರ ಬದಲಿಸಿದರು. ಕೊನೆಗೆ ನವಲ್ ಭಥೇನಾ ಎಂಬ ಪಾರ್ಸಿ ವಿದ್ಯಾರ್ಥಿಯ ಜೊತೆಯಲ್ಲಿ ನೆಲೆನಿಂತರು. ಈ ಗೆಳೆಯನ ಹೆಸರನ್ನು ವಾಚಕರು ಜ್ಞಾಪಕದಲ್ಲಿಡಬೇಕೆಂದು ಕೋರುತ್ತೇನೆ, ಮುಂದೆ ಬರುತ್ತದೆ. ಅಲ್ಲಿ ಯಾರೂ ಜಾತಿಯನ್ನು ಕೇಳಲಿಲ್ಲ. ಎಲ್ಲರೊಡನೆ ಒಂದೇ ಮೇಜಿನಲ್ಲಿ ಉಂಡು, ಒಂದೇ ಬೆಂಚಿನಲ್ಲಿ ಕೂತು ಓದುವುದು ಅವರ ಬಾಳಿನಲ್ಲಿ ಅದೇ ಮೊದಲು. ಕಾಲ ಎಷ್ಟು ಕಡಮೆ ಎಂಬ ಅರಿವು ಅವರಿಗಿತ್ತು. ಅರ್ಥಶಾಸ್ತ್ರವೊಂದರಲ್ಲಿಯೇ 29 ಪಾಠಕ್ರಮಗಳು. ಅದರ ಜೊತೆಗೆ ಇತಿಹಾಸ, ಸಮಾಜಶಾಸ್ತ್ರ, ತತ್ತ್ವಶಾಸ್ತ್ರ, ಮಾನವಶಾಸ್ತ್ರ. ಸಾಲದೆಂಬಂತೆ ಫ್ರೆಂಚ್ ಮತ್ತು ಜರ್ಮನ್ ಭಾಷೆಗಳು. ಬರುವ ವೇತನದಲ್ಲಿಯೇ ಊಟವನ್ನು ಹಿಡಿತದಲ್ಲಿಟ್ಟು ಮನೆಗೂ ಹಣ ಕಳುಹಿಸುತ್ತಿದ್ದರು. ಉಳಿದ ಕಾಸು ಹಳೆಯ ಪುಸ್ತಕಗಳ ಅಂಗಡಿಗೆ ಹೋಗುತ್ತಿತ್ತು. ಎಡ್ವಿನ್ ಸೆಲಿಗ್‌ಮನ್, ಜಾನ್ ಡ್ಯೂಯಿ ಮೊದಲಾದ ವಿದ್ವಾಂಸರ ಪಾಠಗಳನ್ನು ಕೇಳಿದರು. 1915ರಲ್ಲಿ ಎಂ.ಎ. ಆಯಿತು. 1916ರ ಮೇ ತಿಂಗಳಲ್ಲಿ ಭಾರತದ ಜಾತಿಗಳ ಹುಟ್ಟನ್ನು ಕುರಿತ ಪ್ರಬಂಧವನ್ನು ವಿದ್ವಾಂಸರ ಮುಂದೆ ಓದಿದರು.

ಮೂರು ವರ್ಷ ಮುಗಿಯಿತು. ಅಂಬೇಡ್ಕರರ ಹಸಿವು ಮುಗಿಯಲಿಲ್ಲ. ಲಂಡನ್ನಿನಲ್ಲಿ ಮುಂದೆ ಓದಲು ಅವಕಾಶ ಕೊಡಬೇಕೆಂದು ಮಹಾರಾಜರನ್ನು ಕೇಳಿಕೊಂಡರು. ಒಂದು ವರ್ಷದ ಮುಂದುವರಿಕೆ ದೊರೆಯಿತು. ಪ್ರೊಫೆಸರ್ ಸೆಲಿಗ್‌ಮನ್ನರು ಲಂಡನ್ನಿನ ಹಿರಿಯರಿಗೆ ಪರಿಚಯಪತ್ರ ಬರೆದುಕೊಟ್ಟರು. 1916ರಲ್ಲಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಹತ್ತು ಪೌಂಡು ಹತ್ತು ಷಿಲಿಂಗು ಶುಲ್ಕ ಕಟ್ಟಿ ಹೆಸರು ನೋಂದಾಯಿಸಿದರು. ನ್ಯಾಯಶಾಸ್ತ್ರಕ್ಕೆಂದು ಗ್ರೇಸ್ ಇನ್ ಎಂಬಲ್ಲಿಯೂ ಸೇರಿದರು. ಇದೀಗ ಬೇರು ಬಿಡುವಷ್ಟರಲ್ಲಿ, 1917ರ ಬೇಸಗೆಯಲ್ಲಿ, ವೇತನದ ಅವಧಿ ಮುಗಿಯಿತೆಂದೂ ಕೂಡಲೇ ಹಿಂದಿರುಗಬೇಕೆಂದೂ ಬರೋಡಾದಿಂದ ಕರೆ ಬಂದಿತು.

ಈ ಲೇಖನದ ನಡುಗಂಬವೆಂದು ನಾನು ತಿಳಿದಿರುವ ಸಂಗತಿ ಇಲ್ಲಿದೆ. ಬೇರೆ ಯಾರಾದರೂ ಆಗಿದ್ದರೆ, ಹಣೆಯಲ್ಲಿ ಬರೆದದ್ದು ಇಷ್ಟೇ ಎಂದು ಗಂಟುಮೂಟೆ ಕಟ್ಟುತ್ತಿದ್ದರು. ಕೊಲಂಬಿಯಾದ ಎಂ.ಎ. ಪದವಿಯೇ ಆ ಕಾಲಕ್ಕೆ ಸಾಮಾನ್ಯವಾದುದಲ್ಲ. ಅದನ್ನೇ ದೊಡ್ಡದು ಮಾಡಿಕೊಂಡು ಇರಬಹುದಾಗಿತ್ತು. ಅಂಬೇಡ್ಕರರು ಹೊರಡುವ ಮುನ್ನ ಒಂದು ಕೆಲಸ ಮಾಡಿದರು. ಪ್ರೊಫೆಸರ್ ಎಡ್ವಿನ್ ಕ್ಯಾನನ್ನರ ಮೂಲಕ ಲಂಡನ್ ವಿಶ್ವವಿದ್ಯಾಲಯವನ್ನು ಕೇಳಿ, 1917ರ ಅಕ್ಟೋಬರಿನಿಂದ ನಾಲ್ಕು ವರ್ಷಗಳೊಳಗಾಗಿ ಹಿಂದಿರುಗಿ ಓದು ಮುಂದುವರಿಸಲು ಅನುಮತಿ ಪಡೆದರು. ಜೇಬಿನಲ್ಲಿ ಹಣವಿಲ್ಲ, ಮರಳಿ ಬರುವ ದಾರಿ ಕಾಣದು, ಆದರೂ ಬಾಗಿಲು ಮುಚ್ಚದಂತೆ ನೋಡಿಕೊಂಡು ಹೊರಟರು.

ಮಹಾಯುದ್ಧದ ಕಾಲ ಅದು. ಅವರ ಸಾಮಾನು, ಪುಸ್ತಕಗಳು ಬೇರೊಂದು ಹಡಗಿನಲ್ಲಿ ಬರುತ್ತಿದ್ದವು. ಆ ಹಡಗನ್ನು ಶತ್ರುಗಳು ಮುಳುಗಿಸಿದರು. ಸಮುದ್ರದ ಪಾಲಾದ ಸಾಮಾನಿಗೆ ಪರಿಹಾರವಾಗಿ ಬಂದ 600 ರೂಪಾಯಿಗಳೇ ಬರೋಡಾಕ್ಕೆ ಹೋಗುವ ಖರ್ಚಿಗೆ ಆಧಾರವಾಯಿತು. ಬರೋಡಾದಲ್ಲಿ ಅವರಿಗೆ ಬಾಡಿಗೆ ಮನೆ ಕೊಡುವವರಿಲ್ಲ. ಹಿಂದೂ ಹೋಟೆಲುಗಳಲ್ಲಿ ಜಾಗವಿಲ್ಲ. ಪಾರ್ಸಿಗಳ ವಸತಿಗೃಹವೊಂದರಲ್ಲಿ ಪಾರ್ಸಿ ಹೆಸರಿಟ್ಟುಕೊಂಡು ದಿನಕ್ಕೆ ಒಂದೂವರೆ ರೂಪಾಯಿಯಂತೆ ಉಳಿದರು. ಕಚೇರಿಯಲ್ಲಿ ಜವಾನರು ಕಡತಗಳನ್ನು ದೂರದಿಂದಲೇ ಮೇಜಿನ ಮೇಲೆ ಎಸೆಯುವರು. ಹನ್ನೊಂದನೆಯ ದಿನ ದೊಣ್ಣೆ ಹಿಡಿದ ಹತ್ತಾರು ಮಂದಿ ಬಂದು ಸಂಜೆಯೊಳಗೆ ಜಾಗ ಖಾಲಿ ಮಾಡಬೇಕೆಂದು ಬೆದರಿಸಿದರು. ಊರಿನ ಉದ್ಯಾನದಲ್ಲಿ ಕುಳಿತು ದುಃಖಪಟ್ಟು, ರಾತ್ರಿಯ ರೈಲಿನಲ್ಲಿ ಮುಂಬಯಿಗೆ ಹಿಂದಿರುಗಿದರು. ಹತ್ತು ವರ್ಷಗಳ ಕರಾರು ಹೀಗೆ ಹನ್ನೊಂದು ದಿನಗಳಲ್ಲಿ ಮುರಿಯಿತು. ಕರಾರನ್ನು ಮುರಿದವರು ಅಂಬೇಡ್ಕರರಲ್ಲ. ಓದಿ ಬಂದವನಿಗೆ ಮಲಗಲು ಒಂದು ಕೋಣೆಯನ್ನು ಕೊಡಲೊಲ್ಲದ ಸಮಾಜ.

ಗಡುವಿನ ವರ್ಷಗಳು ಉರುಳತೊಡಗಿದವು. ಅವರು ಮನೆಪಾಠ ಹೇಳಿದರು. ಷೇರು ವ್ಯಾಪಾರಿಗಳಿಗೆ ಸಲಹೆ ಕೊಡುವ ಕಚೇರಿ ತೆರೆದರು. ಜಾತಿ ತಿಳಿದ ಮೇಲೆ ಗಿರಾಕಿಗಳು ಬರಲಿಲ್ಲ. 1918ರ ನವೆಂಬರಿನಲ್ಲಿ ಮುಂಬಯಿಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರ ಹುದ್ದೆ ದೊರೆಯಿತು. ಸಂಬಳ 450 ರೂಪಾಯಿ. ಅಲ್ಲಿಯೂ ಅಧ್ಯಾಪಕರ ಕೊಠಡಿಯ ಕೊಡದಿಂದ ಅವರು ನೀರು ಕುಡಿಯುವುದಕ್ಕೆ ಕೆಲವರ ಆಕ್ಷೇಪಣೆ ಬಂದಿತು. ಆ ಸಂಬಳದಲ್ಲಿ ದೊಡ್ಡ ಮನೆ ಮಾಡಬಹುದಿತ್ತು. ಅವರು ಪರೇಲಿನ ಚಾಳಿನಲ್ಲಿಯೇ ಉಳಿದು, ರಮಾಬಾಯಿಯ ಕೈಗೆ ಖರ್ಚಿಗೆ ಗೊತ್ತಾದ ಮೊತ್ತವನ್ನು ಕೊಟ್ಟು, ಮಿಕ್ಕದ್ದನ್ನು ಲಂಡನ್ನಿಗೆಂದು ಕೂಡಿಡುತ್ತಾ ಬಂದರು. 1920ರ ಮಾರ್ಚಿಯಲ್ಲಿ ಕೆಲಸಕ್ಕೆ ರಾಜೀನಾಮೆ ಕೊಟ್ಟರು. ಕೊಲ್ಹಾಪುರದ ಶಾಹು ಮಹಾರಾಜರು ನೆರವಾದರು. ನವಲ್ ಭಥೇನಾ ಐದು ಸಾವಿರ ರೂಪಾಯಿ ಸಾಲ ಕೊಟ್ಟರು. ಬರೋಡಾದಲ್ಲಿ ದೊಣ್ಣೆ ಹಿಡಿದು ಬಂದವರೂ ಪಾರ್ಸಿಗಳು. ನ್ಯೂಯಾರ್ಕಿನಿಂದ ಜೊತೆಯಾಗಿ ಬಂದು ಕೈ ಹಿಡಿದ ಗೆಳೆಯನೂ ಪಾರ್ಸಿ. ಮನುಷ್ಯರನ್ನು ಜಾತಿಯಿಂದ ಅಳೆಯಬಾರದೆಂಬುದಕ್ಕೆ ಬೇರೆ ನಿದರ್ಶನ ಬೇಕೆ?

1920ರ ಜುಲೈಯಲ್ಲಿ ಅವರು ಮತ್ತೆ ಹಡಗು ಹತ್ತಿದರು. ಗಡುವು ತೀರಲು ಒಂದು ವರ್ಷವೂ ಮೂರು ತಿಂಗಳೂ ಉಳಿದಿತ್ತು. ಶುಲ್ಕ ಒಂದು ಗಿನಿ ಏರಿ ಹನ್ನೊಂದು ಪೌಂಡು ಹನ್ನೊಂದು ಷಿಲಿಂಗಾಗಿತ್ತು. ಈ ಸಲ ಯಾವ ಸಂಸ್ಥಾನದ ವೇತನವೂ ಇಲ್ಲ. ಬೆಳಿಗ್ಗೆ ಒಂದು ತುಂಡು ರೊಟ್ಟಿ, ಸ್ವಲ್ಪ ಚಹಾ. ಬ್ರಿಟಿಷ್ ಮ್ಯೂಸಿಯಮ್ಮಿನ ಗ್ರಂಥಾಲಯದ ಬಾಗಿಲು ತೆರೆದಾಗ ಒಳಗೆ ಹೋದರೆ ಮುಚ್ಚುವಾಗ ಹೊರಗೆ ಬರುವುದು. ರಾತ್ರಿ ಹಸಿವು ತಡೆಯದಾದಾಗ ಪರಿಚಿತರು ಕೊಟ್ಟ ಹಪ್ಪಳವನ್ನು ಸುಟ್ಟು ತಿನ್ನುವುದು. ಬಂಡಿಯ ಬಾಡಿಗೆ ಉಳಿಸಲು ನಡೆದೇ ಹೋಗುವುದು. 1921ರಲ್ಲಿ ಎಂ.ಎಸ್‌ಸಿ. ಪದವಿ ಬಂದಿತು. ಅದೇ ವರ್ಷ ಜರ್ಮನಿಯ ಬಾನ್ ವಿಶ್ವವಿದ್ಯಾಲಯದಲ್ಲಿ ಓದಲು, ಕೊಲಂಬಿಯಾದಲ್ಲಿ ಕಲಿತ ಜರ್ಮನ್ ಭಾಷೆಯಲ್ಲಿಯೇ, ತಮ್ಮ ಕೈಯಿಂದ ಅರ್ಜಿ ಬರೆದರು. ಪ್ರವೇಶ ದೊರೆತರೂ ಲಂಡನ್ನಿನ ಕೆಲಸ ಬಿಡದುದರಿಂದ ಅಲ್ಲಿನ ಓದು ಸಾಗಲಿಲ್ಲ.

ಡಿ.ಎಸ್‌ಸಿ. ಪದವಿಗಾಗಿ ಅವರು ಆರಿಸಿಕೊಂಡ ವಿಷಯ ರೂಪಾಯಿಯ ಸಮಸ್ಯೆ. ಬ್ರಿಟಿಷ್ ಸರಕಾರದ ನಾಣ್ಯ ನೀತಿಯನ್ನು ಲಂಡನ್ನಿನಲ್ಲಿಯೇ ಕುಳಿತು ಪ್ರಶ್ನಿಸಿದ ಮಹಾನಿಬಂಧವದು. 1923ರ ಮಾರ್ಚಿಯಲ್ಲಿ ಪರೀಕ್ಷಕರು ಅದನ್ನು ಹಾಗೆಯೇ ಒಪ್ಪಲಿಲ್ಲ, ತಿದ್ದಿ ಬರೆಯಬೇಕಾಯಿತು. ಅಷ್ಟರಲ್ಲಿ ಕೈಯ ಹಣ ಮುಗಿದಿತ್ತು. ಏಪ್ರಿಲಿನಲ್ಲಿ ಮುಂಬಯಿಗೆ ಬಂದು, ಅಲ್ಲಿಂದಲೇ ಬರೆದು ಕಳುಹಿಸಿದರು. ಆ ವರ್ಷದ ನವೆಂಬರಿನಲ್ಲಿ ಅದು ಅಂಗೀಕೃತವಾಗಿ ಪದವಿ ಬಂದಿತು. ಬ್ಯಾರಿಸ್ಟರ್ ಪದವಿಯೂ ಆಗಿತ್ತು. ಕೊಲಂಬಿಯಾದ ಪಿಎಚ್.ಡಿ. ಮಾತ್ರ ಇನ್ನೂ ಬಾಕಿಯಿತ್ತು. ಪ್ರಾಂತಗಳ ಹಣಕಾಸಿನ ಬೆಳವಣಿಗೆಯನ್ನು ಕುರಿತ ನಿಬಂಧವನ್ನು 1925ರಲ್ಲಿ ಅಚ್ಚು ಮಾಡಿಸಿ ಸಯ್ಯಾಜಿರಾಯರಿಗೆ ಅರ್ಪಿಸಿದರು. 1927ರಲ್ಲಿ ಆ ಪದವಿಯೂ ವಿಧಿಪೂರ್ವಕವಾಗಿ ದೊರೆಯಿತು. 1913ರಲ್ಲಿ ಹಾಕಿದ ಒಂದು ಅರ್ಜಿಯ ಫಲ ಪೂರ್ತಿಯಾಗಿ ಕೈಗೆ ಬರಲು ಹದಿನಾಲ್ಕು ವರ್ಷಗಳು ಬೇಕಾದವು.

ಈ ಹದಿನಾಲ್ಕು ವರ್ಷಗಳ ಲೆಕ್ಕದಲ್ಲಿ ರಮಾಬಾಯಿಯವರ ಪಾಲನ್ನು ಬಿಟ್ಟರೆ ಲೆಕ್ಕ ತಪ್ಪುತ್ತದೆ. ಗಂಡ ಎರಡು ಸಲ ಕಡಲಾಚೆ ಹೋದಾಗಲೂ ಚಾಳಿನ ಕೋಣೆಯಲ್ಲಿ ಸಂಸಾರ ತೂಗಿಸಿದವರು ಅವರು. ಐದು ಮಕ್ಕಳನ್ನು ಹೆತ್ತರು, ಉಳಿದವನು ಯಶವಂತನೊಬ್ಬನೇ. 1935ರಲ್ಲಿ ಅವರು ತೀರಿಕೊಂಡರು. ಸಭೆಗಳಲ್ಲಿ ಓದುವ ಪದವಿಗಳ ಸಾಲಿನಲ್ಲಿ ಅವರ ಹೆಸರು ಬರುವುದಿಲ್ಲ, ಬರಬೇಕಾಗಿತ್ತು.

ಆಮೇಲಿನ ಅಂಬೇಡ್ಕರರ ಜೀವನ ದೇಶಕ್ಕೆಲ್ಲ ಗೊತ್ತು. ಮಹಾಡದ ಕೆರೆಯ ನೀರಿಗಾಗಿ 1927ರಲ್ಲಿ ನಡೆದ ಸತ್ಯಾಗ್ರಹ, ದುಂಡುಮೇಜಿನ ಪರಿಷತ್ತು, ರಾಜ್ಯಾಂಗದ ರಚನೆ, 1956ರಲ್ಲಿ ಬೌದ್ಧ ಧರ್ಮದ ಸ್ವೀಕಾರ, ಅದೇ ವರ್ಷ ಡಿಸೆಂಬರ್ 6ರಂದು ನಿರ್ವಾಣ, ಇವನ್ನು ಹೇಳಲು ಬೇರೆ ಲೇಖನಗಳೇ ಬೇಕು. ನನ್ನ ವಿಷಯಕ್ಕೆ ಸೇರಿದ್ದನ್ನಷ್ಟೇ ಹೇಳುತ್ತೇನೆ. ತಾವು ದಾಟಿದ ಹೊಳೆಗೆ ಅವರು ಸೇತುವೆ ಕಟ್ಟಿದರು. ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ನಮ್ಮ ಧಾರವಾಡದಲ್ಲಿಯೂ ದಲಿತ ಹುಡುಗರಿಗೆ ವಸತಿನಿಲಯವೊಂದು ಅವರ ಪ್ರಯತ್ನದಿಂದ ಆಯಿತು. ವೈಸರಾಯರ ಕಾರ್ಯಾಂಗ ಸಭೆಯಲ್ಲಿದ್ದಾಗ 1942ರಲ್ಲಿ ಸಲ್ಲಿಸಿದ ಮನವಿಯಲ್ಲಿ, ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳ ಉಚ್ಚ ಶಿಕ್ಷಣಕ್ಕೂ ಪರದೇಶದ ವ್ಯಾಸಂಗಕ್ಕೂ ಸರಕಾರವೇ ಹಣ ಕೊಡಬೇಕೆಂದು ವಾದಿಸಿದರು. 1944ರಲ್ಲಿ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಆರಂಭವಾಯಿತು. ಅವರು ಬದುಕಿದ್ದಾಗಲೇ, 1954-55ರಲ್ಲಿ, ಪರದೇಶದಲ್ಲಿ ಓದುವವರಿಗಾಗಿ ಕೇಂದ್ರ ಸರಕಾರದ ವಿದ್ಯಾರ್ಥಿವೇತನವೂ ಪ್ರಾರಂಭವಾಯಿತು. ಒಬ್ಬ ಮಹಾರಾಜನ ಮನಸ್ಸಿನ ಮೇಲೆ ನಿಂತಿದ್ದ ವಿಷಯ ಪ್ರಜೆಯ ಹಕ್ಕಾಗುವ ಕಡೆಗೆ ಹೆಜ್ಜೆಯಿಟ್ಟಿತು.

ಇನ್ನು ನನ್ನ ಅರಿಕೆ. ನಮ್ಮ ಅಪ್ಪ ಮಾರುಕಟ್ಟೆಯ ಪ್ರಾಂಗಣದಲ್ಲಿ ಹಮಾಲಿ ಕೆಲಸದವರು. ನಾನು ಪಿ.ಯು.ಸಿ. ಮುಗಿಸಿದ ವರ್ಷ ಮೂಟೆ ಹೊರುವಾಗ ಬಿದ್ದು ಅವರ ಕಾಲು ಮುರಿಯಿತು. ನಾನು ಒಂದು ವರ್ಷ ಬಟ್ಟೆ ಅಂಗಡಿಯಲ್ಲಿ ದುಡಿದೆ. ಜೊತೆಯವರು ಕಾಲೇಜಿಗೆ ಹೋಗುವುದನ್ನು ಅಂಗಡಿಯ ಬಾಗಿಲಿನಲ್ಲಿ ನಿಂತು ನೋಡುತ್ತಿದ್ದೆ. ಮರುವರ್ಷ ಕಾಲೇಜಿಗೆ ಸೇರಿದ ಮೇಲೂ, ನಡುವೆ ನಿಂತ ಓದು ಒಂದು ಕಳಂಕವೆಂದೇ ತಿಳಿದು ಯಾರಿಗೂ ಹೇಳಿರಲಿಲ್ಲ. ನಮ್ಮ ಗ್ರಂಥಾಲಯದಲ್ಲಿ ಅಂಬೇಡ್ಕರರ ಚರಿತ್ರೆಯನ್ನು ಓದುವಾಗ 1917ರಿಂದ 1920ರವರೆಗಿನ ಪುಟಗಳಿಗೆ ಬಂದು ಪುಸ್ತಕವನ್ನು ಮಡಿಚಿ ಕುಳಿತುಬಿಟ್ಟೆ. ಅಂಥವರಿಗೂ ಓದು ನಿಂತಿತ್ತು. ನಿಂತದ್ದು ತಪ್ಪಲ್ಲ.

ಮೇಲೆ ಹೇಳಿದ ವಿದ್ಯಾರ್ಥಿವೇತನದ ವಿಷಯವನ್ನು ಈ ವರ್ಷ ನಮ್ಮ ಅರ್ಥಶಾಸ್ತ್ರದ ಅಧ್ಯಾಪಕರು ತರಗತಿಯಲ್ಲಿ ತಿಳಿಸಿದರು. ಅರ್ಜಿಯ ನಿಯಮಗಳನ್ನು ಓದಿಕೊಂಡು ತಿಂಗಳು ಕಳೆದರೂ ಅವರ ಬಳಿ ಹೋಗಿ ಕೇಳಲು ನನಗೆ ಬಾಯಿ ಬರಲಿಲ್ಲ. ಹಮಾಲರ ಮನೆಯವರಿಗೆ ಪರದೇಶದ ಮಾತೇಕೆ ಎಂದಾರು ಎಂಬ ಅಂಜಿಕೆ. ಅವ್ವನಿಗೆ ಹೇಳಿದಾಗ ಅವಳು ಬಹಳ ಹೊತ್ತು ಸುಮ್ಮನಿದ್ದು, ಅಲ್ಲಿ ಅನ್ನ ಸಿಗುತ್ತದೆಯೇ ಎಂದಷ್ಟೇ ಕೇಳಿದಳು. ಅಂಬೇಡ್ಕರರ ಜೀವನವನ್ನು ಎರಡನೆಯ ಸಲ ಓದಿದಾಗ ನನಗೆ ಕಂಡದ್ದು ಅವರು ಎಷ್ಟು ಸಲ ಕೇಳಿದರು ಎಂಬುದು. ಮಹಾರಾಜರನ್ನು ಕೇಳಿದರು, ಅವಧಿಯ ಮುಂದುವರಿಕೆ ಕೇಳಿದರು, ವಿಶ್ವವಿದ್ಯಾಲಯದ ಅನುಮತಿ ಕೇಳಿದರು, ಗೆಳೆಯನಲ್ಲಿ ಸಾಲ ಕೇಳಿದರು. ಎಲ್ಲಿಯೂ ತಲೆ ತಗ್ಗಿಸಿ ಬೇಡಲಿಲ್ಲ. ಓದು ತನಗೆ ಸಲ್ಲತಕ್ಕದ್ದೆಂದು ನಂಬಿ ಕೇಳಿದರು.

ಕಳೆದ ವಾರ ಅಧ್ಯಾಪಕರ ಕೊಠಡಿಗೆ ಹೋಗಿ ಶಿಫಾರಸು ಪತ್ರವನ್ನು ಕೇಳಿದೆ. ಅವರು ನನ್ನ ಅಂಕಪಟ್ಟಿಗಳನ್ನು ತರಲು ಹೇಳಿದ್ದಾರೆ. ಆಯ್ಕೆಯಾಗುತ್ತದೆಯೋ ಇಲ್ಲವೋ ಕಾಣೆ. ಆಗದಿದ್ದರೆ ಮತ್ತೆ ಹಾಕುತ್ತೇನೆ. ಈ ಸಂಚಿಕೆಯನ್ನು ಓದುವ ನನ್ನ ಸಹಪಾಠಿಗಳಲ್ಲಿ, ನಡುವೆ ಓದು ನಿಂತವರು, ಇನ್ನೇನು ನಿಲ್ಲಿಸಬೇಕೆಂದಿರುವವರು ಹಲವರಿದ್ದಾರೆಂದು ಬಲ್ಲೆ. ಅವರಲ್ಲಿ ನನ್ನ ವಿನಂತಿ ಇಷ್ಟೆ: ಹೊರಡಲೇಬೇಕಾಗಿ ಬಂದರೆ ಹೊರಡಿ, ಆದರೆ ಹಿಂದಿರುಗಿ ಬರುತ್ತೇನೆಂದು ಬರೆದುಕೊಟ್ಟು ಹೊರಡಿ.